ಶಂಖದ ಏಡಿ ಮೂರು ದಿನದಿಂದ ಹೊರಗೆ ಬಂದಿಲ್ಲ, ಸತ್ತಿದೆಯಾ ನಿದ್ದೆಯಾ? (ಹುಬ್ಬಳ್ಳಿ)

ಉಣಕಲ್_ಅಪ್ಪ · ಮಾರ್ಚ್ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾಯಿ, ಗಿಣಿ, ಮೀನಿನ ಬಗ್ಗೆ ಇಲ್ಲಿ ಬೇಕಾದಷ್ಟು ಓದಿದ್ದೇನೆ. ನನ್ನ ಕಷ್ಟ ಬೇರೆ. ನನ್ನ ಹೆಂಡತಿಯ ತಮ್ಮ ಪುಣೆಯಿಂದ ಬರುವಾಗ ಮಗಳಿಗೆ ಅಂತ ಎರಡು ಹರ್ಮಿಟ್ ಕ್ರ್ಯಾಬ್ ತಂದ. ಶಂಖದೊಳಗೆ ಇರುತ್ತವಲ್ಲ, ಆ ಏಡಿ. ಒಂದರ ಶಂಖಕ್ಕೆ ಕೆಂಪು ಬಣ್ಣ ಬಳಿದು ಜೇಡದ ಬಲೆ ಬರೆದಿದ್ದಾರೆ, ಇನ್ನೊಂದರದ್ದು ಹಳದಿ ನಗುಮುಖ. ಜೊತೆಗೆ ಜಾಲರಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಎರಡು ಬೊಗಸೆ ಬಣ್ಣದ ಕಲ್ಲು, ಒಂದು ಸ್ಪಂಜು, ಒಂದು ಪೊಟ್ಟಣ ಕಾಳಿನಂಥ ಆಹಾರ. ಸ್ಪಂಜು ಒದ್ದೆ ಮಾಡಿದರೆ ಸಾಕು, ಮಕ್ಕಳೇ ಸಾಕಬಹುದು ಅಂತ ಅಂಗಡಿಯಲ್ಲಿ ಹೇಳಿದರಂತೆ.

ಹತ್ತು ದಿನ ಆಯಿತು. ಮೊದಲ ನಾಲ್ಕು ದಿನ ಟೇಬಲ್ ಮೇಲೆಲ್ಲ ಓಡಾಡಿದವು. ಈಗ ಹಳದಿಯದು ಮೂರು ದಿನದಿಂದ ಹೊರಗೇ ಬಂದಿಲ್ಲ. ಕೆಂಪಿನದು ಅರ್ಧ ಹೊರಗೆ ಜೋತು ಬಿದ್ದಂತಿದೆ, ನಿನ್ನೆ ಒಂದು ಕಾಲು ಉದುರಿ ಬಿದ್ದಿತ್ತು. ಕೊಡುವುದು ನಲ್ಲಿ ನೀರೇ. ಡಬ್ಬಿ ಹಾಲ್‌ನಲ್ಲಿ ಫ್ಯಾನಿನ ಕೆಳಗಿದೆ. ಮಗಳು ಮೂರನೇ ಕ್ಲಾಸು, ಶಾಲೆಯಿಂದ ಬಂದವಳೇ ಮೊದಲು ಡಬ್ಬಿ ಹತ್ತಿರ ಓಡುತ್ತಾಳೆ. ನಮ್ಮ ಅವ್ವ ಬೇರೆ, "ಲಿಂಗಾ ಪೂಜಿ ಮಾಡೂ ಮನ್ಯಾಗ ಏಡಿ ತಂದಿಟ್ಟೀರಿ" ಅಂತ ದಿನಾ ಶುರು ಮಾಡುತ್ತಾಳೆ. ಗೊತ್ತಿದ್ದವರು ಹೇಳಿ.

ಗಿರ್ಮಿಟ್_ಗೆಳೆಯ · ರಾತ್ರಿ 10:52

ಹುಬ್ಬಳ್ಳಿ ಬಿಸಿಲಿಗೆ ನಾನೇ ಮಧ್ಯಾಹ್ನ ಹೊರಗೆ ಬರುವುದಿಲ್ಲ, ಅದು ಎಲ್ಲಿಂದ ಬರಬೇಕು ರೀ.

ಗಾಜಿನ_ತೊಟ್ಟಿ · ರಾತ್ರಿ 11:15

ಅಣ್ಣಾರೆ, ಮೊದಲು ಆ ಫ್ಯಾನು ಬಂದ್ ಮಾಡಿ, ಆಮೇಲೆ ಓದಿ.

ಇದು ಭೂಮಿ ಮೇಲೆ ಓಡಾಡುತ್ತೆ, ಆದರೆ ಉಸಿರಾಡುವುದು ಕಿವಿರಿನಿಂದ. ನೆಲಕ್ಕೆ ಒಗ್ಗಿದ ಕಿವಿರು, ನಿಜ, ಆದರೂ ಅದು ಯಾವಾಗಲೂ ಒದ್ದೆ ಇರಬೇಕು. ಗಾಳಿಯ ತೇವ ಶೇಕಡಾ 75-80ರ ಆಸುಪಾಸು ಬೇಕು, ಬಿಸಿ 24ರಿಂದ 29 ಡಿಗ್ರಿ. ಹುಬ್ಬಳ್ಳಿಯ ಮಾರ್ಚ್ ಗಾಳಿ, ಮೇಲೆ ಫ್ಯಾನು, ಜಾಲರಿ ಮುಚ್ಚಳ. ನೀರಿನಿಂದ ತೆಗೆದ ಮೀನನ್ನು ನಿಧಾನವಾಗಿ ಒಣಗಿಸಿದ ಹಾಗೆ. ಸತ್ತೇ ಹೋಗಲಿ ಅಂತ ಯಾರೂ ಮಾಡುವುದಿಲ್ಲ, ಗೊತ್ತಿರುವುದಿಲ್ಲ ಅಷ್ಟೇ.

ಈ ರಾತ್ರಿ ಇಷ್ಟು ಮಾಡಿ. ಜಾಲರಿ ಮೇಲೆ ಅಡಿಗೆಮನೆಯ ತೆಳು ಪ್ಲಾಸ್ಟಿಕ್ ಹೊದಿಸಿ, ಒಂದು ಮೂಲೆ ಮಾತ್ರ ಬಿಡಿ. ನಲ್ಲಿ ನೀರು ಕೊಡಬೇಡಿ, ಕ್ಲೋರಿನ್ ಇರುತ್ತೆ. ಅಕ್ವೇರಿಯಂ ಅಂಗಡಿಯಲ್ಲಿ ಕ್ಲೋರಿನ್ ತೆಗೆಯುವ ಹನಿ ಸಿಗುತ್ತೆ. ರೂಮಿನಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಏನಾದರೂ ಹಚ್ಚುತ್ತೀರಾ? ಸೊಳ್ಳೆ ಕೊಲ್ಲುವ ಆ ಔಷಧ ಏಡಿಯನ್ನೂ ಬಿಡುವುದಿಲ್ಲ.

ಕಾಲು ಉದುರಿದ್ದು ಒಳ್ಳೆ ಲಕ್ಷಣ ಅಲ್ಲ. ಹೇಳುವುದಕ್ಕೆ ಬೇಜಾರು.

ಉಣಕಲ್_ಅಪ್ಪ · ರಾತ್ರಿ 11:21

ಲಿಕ್ವಿಡ್ ಮಶೀನು ಡಬ್ಬಿಯ ಪಕ್ಕದ ಪ್ಲಗ್ಗಿನಲ್ಲೇ ಇದೆ. ಈಗ ಕಿತ್ತೆ.

ಹಳೇಹುಬ್ಬಳ್ಳಿ_ಹುಡುಗ · ರಾತ್ರಿ 11:40

ಕ್ಲೋರಿನ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಓಣಿಗೆ ನೀರು ಬರುವುದೇ ಐದು ದಿನಕ್ಕೊಮ್ಮೆ. ಅಷ್ಟರಲ್ಲಿ ಮಲಪ್ರಭೆಯ ಕ್ಲೋರಿನ್ ಎಲ್ಲ ಹಾರಿ ಹೋಗಿರುತ್ತೆ.

ಗಾಜಿನ_ತೊಟ್ಟಿ · ರಾತ್ರಿ 11:48

ತೆರೆದ ಬಕೆಟ್‌ನಲ್ಲಿ ಒಂದು ದಿನ ಇಟ್ಟರೆ ಹಾರುತ್ತೆ, ಹೌದು. ಮುಚ್ಚಿದ ಸಿಂಟೆಕ್ಸ್‌ನಲ್ಲಿ ಅಷ್ಟು ಬೇಗ ಹೋಗಲ್ಲ. ಆ ಬಾಟಲಿಗೆ ನಾನು ಕೊಟ್ಟದ್ದು 40 ರೂಪಾಯಿ. ಅದರಲ್ಲಿ ಯಾಕೆ ಜುಗ್ಗತನ?

ವರದಾ_ದಂಡೆ · ಮಾರ್ಚ್ 10, ಬೆಳಿಗ್ಗೆ 6:05

ಹಾವೇರಿ ಕಡೆ ಗದ್ದೆ ಬದುವಿನಲ್ಲಿ ಏಡಿ ಬೇಕಾದಷ್ಟು. ಸಣ್ಣವರಿದ್ದಾಗ ಕಾಲಿಗೆ ದಾರ ಕಟ್ಟಿ ಆಡುತ್ತಿದ್ದೆವು, ಸಂಜೆಗೆ ಸಾರು. ದುಡ್ಡು ಕೊಟ್ಟು ಏಡಿ ತರುವ ಕಾಲ ಬಂತಲ್ಲ ಯಪ್ಪಾ.

ಗದಗಿನ_ಅಕ್ಕ · ಬೆಳಿಗ್ಗೆ 7:30

ಸಾರಿನ ಮಾತು ಇಲ್ಲಿ ಬೇಡ ತಮ್ಮಾ, ಆ ಮಗು ಓದೀತು.

ಉಣಕಲ್ ಅಣ್ಣಾರೆ, ನನ್ನ ಮಗ ಎರಡು ವರ್ಷದಿಂದ ಮೂರು ಸಾಕಿದ್ದಾನೆ. ನಮ್ಮೂರ ಗಾಳಿ ನಿಮಗೆ ಗೊತ್ತೇ ಇದೆ, ಕಪ್ಪತಗುಡ್ಡದ ಕಡೆ ಫ್ಯಾನಿನ ಕಂಬ ಸುಮ್ನೆ ನೆಟ್ಟಿಲ್ಲ. ಬಟ್ಟೆ ಒಣಹಾಕಿ ತಿರುಗುವುದರೊಳಗೆ ಒಣಗಿರುತ್ತೆ. ನಾನು ಮೊದಲು ಏರ್‌ಕೂಲರ್ ಇರುವ ರೂಮಿಗೆ ಡಬ್ಬಿ ಸಾಗಿಸಿ ಜಾಣತನ ಅಂದುಕೊಂಡೆ. ಕೂಲರ್ ಹಾಕಿದಾಗ ತೇವದ ಮೀಟರು 60ಕ್ಕೆ ಏರುತ್ತಿತ್ತು, ಕರೆಂಟು ಹೋದರೆ ಅರ್ಧ ಗಂಟೆಯಲ್ಲಿ 30. ಹೀಗೆ ಏರಿಳಿದರೆ ಅದಕ್ಕೂ ಕಷ್ಟ. ಕೊನೆಗೆ ಕೈ ಹಿಡಿದಿದ್ದು ಗಾಜಿನ ತೊಟ್ಟಿ, ಗಾಜಿನ ಮುಚ್ಚಳ, ಒಳಗೆ ಆಳವಾದ ಒದ್ದೆ ಮರಳು. ಅಷ್ಟೇ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಕಾರವಾರ.

ಮೀಟರಿಗೆ 300 ರೂಪಾಯಿ ಕೊಟ್ಟೆ. ಅದಿಲ್ಲದೆ ಶುರು ಮಾಡಬೇಡಿ, ಅಂದಾಜಿನ ಮೇಲೆ ನಡೆಯುವ ಕೆಲಸ ಅಲ್ಲ ಇದು.

ಉಣಕಲ್_ಅಪ್ಪ · ಮಾರ್ಚ್ 11, ರಾತ್ರಿ 9:10

ಕೆಂಪಿನದು ಹೋಯಿತು. ಸಂಜೆ ಹತ್ತಿರ ಹೋದರೆ ಕೊಳೆತ ಮೀನಿನ ವಾಸನೆ. ಹಿತ್ತಲಲ್ಲಿ ದಾಸವಾಳದ ಬುಡಕ್ಕೆ ಹೂತೆವು. ಮಗಳು ಊಟ ಮಾಡಿಲ್ಲ. ಹಳದಿಯದು ನಿನ್ನೆ ರಾತ್ರಿ ಪ್ಲಾಸ್ಟಿಕ್ ಹೊದಿಸಿದ ಮೇಲೆ ಒಂದು ಸಲ ಮೀಸೆ ಆಡಿಸಿತು. ಅದನ್ನು ಉಳಿಸಬೇಕು. ಇಲ್ಲ ಅಂದರೆ ಗೋಕರ್ಣಕ್ಕೆ ಹೋಗಿ ಸಮುದ್ರಕ್ಕೆ ಬಿಟ್ಟು ಬರಲೇ? ಭಾನುವಾರ ರಜೆ ಇದೆ.

ಕೋಡಿಬಾಗ_ಹಳೆಯವ · ರಾತ್ರಿ 9:55

ದಯವಿಟ್ಟು ಬಿಡಬೇಡಿ. ನಾನು ಕರ್ನಾಟಕ ವಿಶ್ವವಿದ್ಯಾಲಯದ ಕಾರವಾರ ವಿಭಾಗದಲ್ಲಿ ಕಡಲ ಜೀವಶಾಸ್ತ್ರ ಓದಿದವನು, ಈಗ ರಾಣೆಬೆನ್ನೂರಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಎರಡು ಬೇರೆ ಪ್ರಾಣಿಗಳನ್ನು ಎಲ್ಲರೂ ಒಂದು ಅಂದುಕೊಳ್ಳುತ್ತಾರೆ.

ಗೋಕರ್ಣ, ಕಾರವಾರದ ಬಂಡೆ ಗುಂಡಿಗಳಲ್ಲಿ ಮಕ್ಕಳು ಹಿಡಿಯುವುದು ಹೆಚ್ಚಾಗಿ ಕಡಲಿನ ಜಾತಿ. ಕ್ಲಿಬನೇರಿಯಸ್, ಡಯೋಜಿನೀಸ್ ಅಂತ ಹೆಸರು. ಅವು ಸಮುದ್ರದ ನೀರಲ್ಲೇ ಬದುಕಬೇಕು. ಬಾಟಲಿಯಲ್ಲಿ ಹಾಕಿಕೊಂಡು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ತಂದರೆ ಎರಡು ದಿನದಲ್ಲಿ ಮುಗಿಯಿತು. ಪ್ರತಿ ದೀಪಾವಳಿ ರಜೆಯಲ್ಲಿ ಇದೇ ಕಥೆ. ಅಂಗಡಿಯಲ್ಲಿ ಮಾರುವುದು ಸೀನೊಬೈಟಾ, ನೆಲದ ಜಾತಿ. ಲಕ್ಷದ್ವೀಪ, ಅಂಡಮಾನ್ ತೀರದಲ್ಲಿ ತುಂಬಾ ಇವೆ. ದೊಡ್ಡದಾದ ಮೇಲೆ ಇದನ್ನು ಸಮುದ್ರಕ್ಕೆ ಎಸೆದರೆ ಮುಳುಗಿ ಸಾಯುತ್ತೆ. ತೀರದಲ್ಲೇ ಬಿಡುತ್ತೇನೆ ಅಂದರೂ, ಎಲ್ಲಿಂದ ಹಿಡಿದದ್ದೋ, ಯಾವ ರೋಗ ಹೊತ್ತಿದೆಯೋ ಗೊತ್ತಿಲ್ಲ.

ಆದರೂ ಸಮುದ್ರದ ನಂಟು ಬಿಟ್ಟಿಲ್ಲ. ಹೆಣ್ಣು ಮೊಟ್ಟೆ ಬಿಡುವುದಕ್ಕೆ ಅಲೆಯ ಅಂಚಿಗೇ ಹೋಗಬೇಕು. ಮರಿಗಳು ವಾರಗಟ್ಟಲೆ ಕಡಲಲ್ಲಿ ತೇಲಾಡಿ, ಪುಟ್ಟ ಶಂಖ ಹುಡುಕಿಕೊಂಡು ಆಮೇಲೆ ದಡಕ್ಕೆ ಬರುತ್ತವೆ. ಅದಕ್ಕೇ ಮನೆಯಲ್ಲಿ ಮರಿ ಆಗುವುದಿಲ್ಲ. ಅಮೆರಿಕದಲ್ಲಿ ಒಬ್ಬಿಬ್ಬರು ಹವ್ಯಾಸಿಗಳು ಹಟ ಹಿಡಿದು ಮಾಡಿದ್ದಾರೆ. ಮಾರುಕಟ್ಟೆಗೆ ಬರುವುದೆಲ್ಲ ತೀರದಿಂದ ಹಿಡಿದದ್ದೇ ಅಂತ ಇಟ್ಟುಕೊಳ್ಳಿ.

ಸಾಧನಕೇರಿ_ಜಿಟಿಜಿಟಿ · ರಾತ್ರಿ 10:20

ಡಯೋಜಿನೀಸ್ ಅಂದರೆ ಹಂಡೆಯಂಥ ದೊಡ್ಡ ಮಣ್ಣಿನ ಪಾತ್ರೆಯಲ್ಲಿ ವಾಸ ಮಾಡಿದ ಗ್ರೀಕ್ ತತ್ವಜ್ಞಾನಿ ಅಲ್ವಾ? ಏಡಿಗೆ ಅವನ ಹೆಸರು ಇಟ್ಟವನಿಗೆ ಒಂದು ಪೇಡಾ. ಆದರೆ "ಸನ್ಯಾಸಿ ಏಡಿ" ಅಂತ ಕನ್ನಡದಲ್ಲಿ ಬರೆಯುತ್ತಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಇನ್ನೊಬ್ಬರ ಮನೆಗೆ ಕಣ್ಣು ಹಾಕಿ, ಬಾಗಿಲು ಬಡಿದು, ಒಳಗಿದ್ದವನನ್ನು ಎಳೆದು ಹಾಕುವವನು ಯಾವ ಸೀಮೆ ಸನ್ಯಾಸಿ?

ಕೋಡಿಬಾಗ_ಹಳೆಯವ · ರಾತ್ರಿ 10:31

ಸೀನೊಬೈಟಾ ಅಂದರೆ ಒಂಟಿ ಸನ್ಯಾಸಿ ಅಲ್ಲ ಸರ್. ಮಠದಲ್ಲಿ ಗುಂಪಾಗಿ ಇರುವ ಸನ್ಯಾಸಿ ಅಂತ ಅರ್ಥ. ಇವು ಇರುವುದೂ ಗುಂಪಲ್ಲೇ.

ಗಿರ್ಮಿಟ್_ಗೆಳೆಯ · ರಾತ್ರಿ 10:33

ಹಾಗಾದರೆ ಜಗಳ ಸಹಜ. ಮಠ ಅಂದ ಮೇಲೆ ಆಸ್ತಿ ವಿಷಯ ಬಂದೇ ಬರುತ್ತೆ.

ಗದಗಿನ_ಅಕ್ಕ · ರಾತ್ರಿ 10:40

😂 ಗದಗಿನವರು ಓದುತ್ತಿದ್ದೇವೆ, ನೆನಪಿರಲಿ.

ಗಾಜಿನ_ತೊಟ್ಟಿ · ಮಾರ್ಚ್ 12, ಬೆಳಿಗ್ಗೆ 8:15

ವಿಷಯಕ್ಕೆ ಬರೋಣ. ಹಳದಿಯವನಿಗೆ ಮನೆ ಹೀಗೆ ಮಾಡಿ. ಹಳೆ ಮೀನಿನ ತೊಟ್ಟಿ ಇದ್ದರೆ ಸಾಕು, ಸೋರಿದರೂ ಪರವಾಗಿಲ್ಲ. 40 ಲೀಟರ್ ಅಳತೆಯದು ಎರಡು ಸಣ್ಣವಕ್ಕೆ ನಡೆಯುತ್ತೆ. ಐದು ಪಾಲು ಮರಳಿಗೆ ಒಂದು ಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ನರ್ಸರಿಯಲ್ಲಿ ಇಟ್ಟಿಗೆ ತರಹ ಸಿಗುತ್ತಲ್ಲ, ಅದೇ, ಗೊಬ್ಬರ ಬೆರೆಸಿರಬಾರದು. ಕಲಸಿದ ಮೇಲೆ ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಆಳ ಕಡಿಮೆ ಅಂದರೂ 6 ಇಂಚು. ಇಲ್ಲೇ ಎಲ್ಲರೂ ಎಡವುವುದು, ಎರಡಿಂಚು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಇದು ಪೊರೆ ಕಳಚುವುದು ಮಣ್ಣಿನ ಒಳಗೆ, ಕತ್ತಲಲ್ಲಿ. ಆಳ ಇಲ್ಲದಿದ್ದರೆ ಹೊರಗೇ ಕಳಚಿ, ಮೈ ಮೆತ್ತಗಿರುವಾಗ ಜೊತೆಯವನ ಬಾಯಿಗೆ ಬೀಳಬಹುದು.

ಎಂ-ಸ್ಯಾಂಡ್ ಬೇಡ. ಕಲ್ಲು ಒಡೆದ ಪುಡಿ ಅದು, ಚೂಪು ಇರುತ್ತೆ. ಏಡಿಯ ಹಿಂಭಾಗಕ್ಕೆ ಚಿಪ್ಪೇ ಇಲ್ಲ, ಬಾಳೆಹಣ್ಣಿನಷ್ಟು ಮೆತ್ತಗೆ.

ವರದಾ_ದಂಡೆ · ಬೆಳಿಗ್ಗೆ 8:50

ಹೊಳೆ ಮರಳು ಬೇಕಾದರೆ ಹೇಳಿ. ಮನೆ ಕಟ್ಟಿಸಿದಾಗ ಉಳಿದದ್ದು ಹಿತ್ತಲಲ್ಲಿ ಅರ್ಧ ಚೀಲ ಇದೆ. ಏಡಿಗಾದರೂ ಆಗಲಿ. ಶನಿವಾರ ಹುಬ್ಬಳ್ಳಿಗೆ ಎಪಿಎಂಸಿಗೆ ಬರುತ್ತೇನೆ.

ಉಣಕಲ್_ಅಪ್ಪ · ಬೆಳಿಗ್ಗೆ 9:02

ಸಾರಿನ ಮಾತಾಡಿದವರೇ ಮರಳು ಕೊಡುತ್ತೀರಲ್ಲ 🙏 ಖಂಡಿತ ಬೇಕು. ಉಪ್ಪುನೀರಿನ ವಿಷಯ ಹೇಳಿ. ಅಡಿಗೆ ಉಪ್ಪು ಹಾಕಿದರೆ ಆಗುತ್ತಾ?

ಗಾಜಿನ_ತೊಟ್ಟಿ · ಬೆಳಿಗ್ಗೆ 9:20

ಇಲ್ಲ. ಎರಡು ಬಟ್ಟಲು ಇಡಬೇಕು, ಒಂದು ಸಿಹಿನೀರು, ಇನ್ನೊಂದು ಉಪ್ಪುನೀರು. ಅದು ಎರಡನ್ನೂ ಕುಡಿದು, ಶಂಖದೊಳಗೂ ತುಂಬಿಕೊಂಡು, ತನಗೆ ಬೇಕಾದ ಹದ ತಾನೇ ಮಾಡಿಕೊಳ್ಳುತ್ತೆ. ಸಮುದ್ರದ ಮೀನಿಗೆ ಅಂತ ಬರುವ ಉಪ್ಪೇ ಬೇಕು, ಲೀಟರಿಗೆ ಸುಮಾರು 35 ಗ್ರಾಂ. ಬಟ್ಟಲಿನಲ್ಲಿ ಕಲ್ಲು ಜೋಡಿಸಿ, ಇಳಿದ ಮೇಲೆ ಹತ್ತಿ ಬರಲು ದಾರಿ ಇರಲಿ.

ಸಾಧನಕೇರಿ_ಜಿಟಿಜಿಟಿ · ಬೆಳಿಗ್ಗೆ 10:05

ಸುಮ್ನೆ ಖರ್ಚು ಹೇಳಬೇಡಿ. ಗೋಕರ್ಣದ ಪಕ್ಕ ಸಾಣಿಕಟ್ಟಾ ಉಪ್ಪು ಸಮುದ್ರದ ನೀರಿಂದಲೇ ಮಾಡುತ್ತಾರೆ, ಅಯೋಡಿನ್ ಬೆರೆಸದ ಕಲ್ಲುಪ್ಪು. ನಮ್ಮನೆಯಲ್ಲಿ ಉಪ್ಪಿನಕಾಯಿಗೆ ಅದೇ. ಸಮುದ್ರದ ಏಡಿಗೆ ಸಮುದ್ರದ ಉಪ್ಪು, ಇದರಲ್ಲಿ ತಪ್ಪೇನು?

ಕೋಡಿಬಾಗ_ಹಳೆಯವ · ಬೆಳಿಗ್ಗೆ 10:44

ಉಪ್ಪಿನಕಾಯಿಗೆ ಮಸ್ತ್, ಏಡಿಗೆ ಸಾಲದು. ಗದ್ದೆಯಲ್ಲಿ ಉಪ್ಪು ಹರಳುಗಟ್ಟುವಾಗ ಕೊನೆಗೆ ಕಹಿ ನೀರು ಉಳಿಯುತ್ತೆ. ಮೆಗ್ನೀಸಿಯಂ ಜಾಸ್ತಿ ಭಾಗ ಆ ನೀರಿನಲ್ಲೇ ಹೊರಟು ಹೋಗುತ್ತೆ. ಕೈಗೆ ಸಿಗುವ ಹರಳು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ. ಅದನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರ ಆಗುವುದಿಲ್ಲ.

ಸಾಧನಕೇರಿ_ಜಿಟಿಜಿಟಿ · ಬೆಳಿಗ್ಗೆ 10:50

ಸರಿ, ಸೋತೆ. ಇದು ಗೊತ್ತಿರಲಿಲ್ಲ.

ಉಣಕಲ್_ಅಪ್ಪ · ಮಾರ್ಚ್ 15, ರಾತ್ರಿ 8:30

ತೊಟ್ಟಿ ತಯಾರು. ಮರಳು ಹಾವೇರಿಯದು, ತೊಟ್ಟಿ ಧಾರವಾಡದ ಗೆಳೆಯನದು, ಮೀಟರು ಈಗ 78 ತೋರಿಸುತ್ತಿದೆ. ಹೊರಗೆ ಹಾಲ್‌ನಲ್ಲಿ ನೋಡಿದರೆ 31! ಬಿಟ್ಟ ಹತ್ತು ನಿಮಿಷಕ್ಕೆ ಹೊರಗೆ ಬಂದು ಉಪ್ಪುನೀರಿನಲ್ಲಿ ಮುಳುಗಿ ಕುಳಿತ. ಮಗಳು ಕುಣಿದಳು.

ಎರಡು ಪ್ರಶ್ನೆ. ಬಣ್ಣದ ಶಂಖ ಬದಲಿಸುವುದು ಹೇಗೆ? ದೇವರ ಮನೆಯಲ್ಲಿ ಊದುವ ಹಳೆ ಶಂಖ ಒಂದಿದೆ, ಅವ್ವನಿಗೆ ಗೊತ್ತಾಗದಂತೆ ಇಡಲೇ? ಇನ್ನು ಊಟ. ಪ್ರೋಟೀನ್‌ಗೆ ಒಣ ಸೀಗಡಿ ಅಂತ ಎಲ್ಲೋ ಓದಿದೆ. ನಮ್ಮನೆ ಹೊಸ್ತಿಲು ದಾಟಿ ಸೀಗಡಿ ಬರುವುದು ಸಾಧ್ಯವಿಲ್ಲದ ಮಾತು.

ಹಳೇಹುಬ್ಬಳ್ಳಿ_ಹುಡುಗ · ರಾತ್ರಿ 8:44

ಬಲಮುರಿ ಶಂಖ ಆಗಿದ್ದರೆ ಏಡಿಗಿಂತ ಮೊದಲು ನನಗೆ ಹೇಳಿ 😀

ಕೋಡಿಬಾಗ_ಹಳೆಯವ · ರಾತ್ರಿ 9:15

ಬಲಮುರಿ ಇದ್ದರೂ ಅದಕ್ಕೆ ಹೊಂದುವುದಿಲ್ಲ. ಏಡಿಯ ಹಿಂಭಾಗ ಸಾಮಾನ್ಯ ಶಂಖದ ತಿರುವಿಗೆ ತಕ್ಕ ಹಾಗೆ ಒಂದೇ ಕಡೆ ಸುತ್ತಿಕೊಂಡಿರುತ್ತೆ. ಪೂಜೆಯಲ್ಲಿ ಬಲಮುರಿ ಅನ್ನುವುದು ಅಪರೂಪದ ತಿರುಗಾ ಶಂಖ. ಅದಕ್ಕಿಂತ ಮುಖ್ಯ ಅಂದರೆ, ಊದುವ ಶಂಖದ ತುದಿ ಕತ್ತರಿಸಿರುತ್ತಾರೆ. ಹಿಂದಿನಿಂದ ನೀರೆಲ್ಲ ಸೋರಿ ಹೋಗುತ್ತೆ. ತೂತು ಇರುವ ಮನೆ ಯಾರಿಗೆ ಬೇಕು?

ದುಂಡು ಬಾಯಿಯ ಟರ್ಬೊ ಚಿಪ್ಪು ಇವಕ್ಕೆ ಇಷ್ಟ. ಬಾಯಿಯ ಅಗಲ ಅದರ ದೊಡ್ಡ ಎಡಗೊಂಡಿಗಿಂತ ಸ್ವಲ್ಪ ಜಾಸ್ತಿ ಇರಲಿ, ಆ ಕೊಂಡಿಯೇ ಅದಕ್ಕೆ ಬಾಗಿಲು. ನಾಲ್ಕೈದು ಕುದಿಸಿ ತೊಳೆದು ಸುಮ್ನೆ ಇಟ್ಟುಬಿಡಿ. ಎಳೆದು ತೆಗೆಯಬೇಡಿ, ಮೈ ಹರಿದು ಬಂದೀತೇ ಹೊರತು ಅದು ಹಿಡಿತ ಬಿಡುವುದಿಲ್ಲ. ಬೀಚಿನಿಂದ ಚಿಪ್ಪು ಬಾಚಿಕೊಂಡು ಬರಬೇಡಿ, ಅಲ್ಲಿಯವಕ್ಕೂ ಮನೆ ಬೇಕು.

ಮಾಸ್ತರ_ಮಾತು · ರಾತ್ರಿ 9:40

ಇದಕ್ಕೆ ಒಂದು ಸೇರಿಸುತ್ತೇನೆ, ಮಕ್ಕಳಿಗೆ ಕ್ಲಾಸಿನಲ್ಲಿ ಹೇಳುತ್ತಿರುತ್ತೇನೆ. ಹಿಂದೂ ಮಹಾಸಾಗರದ ಕೊಕೊಸ್ ದ್ವೀಪಗಳಲ್ಲಿ ಬಿಸಾಡಿದ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳಲ್ಲಿ ಸಿಕ್ಕಿಬಿದ್ದು ಸುಮಾರು 5 ಲಕ್ಷ ಇಂಥ ಏಡಿಗಳು ಸತ್ತಿವೆ ಅಂತ 2019ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಒಂದು ಒಳಗೆ ಬಿದ್ದು ಸಾಯುತ್ತೆ. ಸತ್ತ ಏಡಿಯ ವಾಸನೆ ಅಂದರೆ ಉಳಿದವಕ್ಕೆ "ಮನೆ ಖಾಲಿ ಇದೆ" ಅನ್ನುವ ಬೋರ್ಡು. ಅದನ್ನು ಹುಡುಕಿಕೊಂಡು ಇನ್ನೊಂದು ಬರುತ್ತೆ, ಜಾರಿ ಒಳಗೆ ಬೀಳುತ್ತೆ. ಅದರ ಹಿಂದೆ ಮತ್ತೊಂದು.

ಗದಗಿನ_ಅಕ್ಕ · ಮಾರ್ಚ್ 16, ಬೆಳಿಗ್ಗೆ 7:10

ಓದಿ ಹೊಟ್ಟೆ ಕಲಕಿತು ಮಾಸ್ತರೇ.

ಊಟದ ವಿಷಯ ನಾನು ಹೇಳುತ್ತೇನೆ, ನಮ್ಮದೂ ಶಾಖಾಹಾರಿ ಮನೆ. ಹಸಿ ಕೊಬ್ಬರಿ ಅಂದರೆ ಪ್ರಾಣ. ಬಾಳೆಹಣ್ಣು, ಪಪ್ಪಾಯಿ, ಗಜ್ಜರಿ, ನೆನೆಸಿದ ಶೇಂಗಾ, ಒಣಗಿದ ಎಲೆ. ಪ್ರೋಟೀನ್‌ಗೆ ಸ್ಪಿರುಲಿನಾ ಅನ್ನುವ ಪಾಚಿಯ ಪುಡಿ ಚಿಟಿಕೆ. ಕಟಕ್ ಜೋಳದ ರೊಟ್ಟಿ ಚೂರು ಇಟ್ಟೆ, ಉಪ್ಪು ಹಾಕದ್ದು. ಬೆಳಿಗ್ಗೆ ನೋಡಿದರೆ ಇಲ್ಲ. ಕ್ಯಾಲ್ಸಿಯಂಗೆ ಗಿಣಿ ಪಂಜರದಲ್ಲಿ ಸಿಗಿಸುವ ಬಿಳಿ ಕಟಲ್ ಬೋನ್ ಸಿಗುತ್ತೆ.

ಹಳೇಹುಬ್ಬಳ್ಳಿ_ಹುಡುಗ · ಬೆಳಿಗ್ಗೆ 7:35

ಅಕ್ಕಾರೆ, ಕಟಲ್ ಬೋನ್ ಕೂಡ ಸಮುದ್ರದ ಪ್ರಾಣಿಯ ಮೈಯೊಳಗಿನ ಚಿಪ್ಪೇ. ಏನು ಶಾಖಾಹಾರಿ?

ಗದಗಿನ_ಅಕ್ಕ · ಬೆಳಿಗ್ಗೆ 7:41

ನಮ್ಮ ಅತ್ತೆಗೆ ಅದು "ಗಿಣಿ ಸುಣ್ಣ". ನೀವು ಬಾಯಿ ಬಿಡದಿದ್ದರೆ ಸಾಕು.

ಉಣಕಲ್_ಅಪ್ಪ · ಮಾರ್ಚ್ 17, ಬೆಳಿಗ್ಗೆ 6:50

ನಿನ್ನೆ ರಾತ್ರಿ ನಗುಮುಖ ಬಿಟ್ಟು ಕಂದು ಚಿಪ್ಪಿಗೆ ಹೋಗಿದ್ದಾನೆ! ಕೊಬ್ಬರಿಯನ್ನೂ ಕೆರೆದಿದ್ದಾನೆ. ಈಗ ಮೂಲೆಯಲ್ಲಿ ತೋಡುತ್ತಾ ತೋಡುತ್ತಾ ಪೂರ್ತಿ ಒಳಗೆ ಹೋದ.

ಮನೆಯಲ್ಲಿ ಹೊಸ ಚರ್ಚೆ. ಒಬ್ಬನೇ ಆದನಲ್ಲ, ಮಠದ ಸನ್ಯಾಸಿ ಅಂದಿರಿ, ಇನ್ನೊಂದು ತರೋಣ ಅಂತ ಮಗಳು.

ಗಾಜಿನ_ತೊಟ್ಟಿ · ಬೆಳಿಗ್ಗೆ 8:00

ಒಂಟಿ ಇಡುವುದು ತಪ್ಪು. ಜೊತೆ ಇದ್ದರೆ ಓಡಾಟ, ಊಟ ಎಲ್ಲ ಚೆನ್ನಾಗಿರುತ್ತೆ, ನಾನೇ ನೋಡಿದ್ದೇನೆ. ಒಂದು ತನ್ನಿ.

ಕೋಡಿಬಾಗ_ಹಳೆಯವ · ಬೆಳಿಗ್ಗೆ 8:25

ಒಪ್ಪುವುದಿಲ್ಲ. ನೀವು ಒಂದು ಕೊಂಡರೆ ಅಂಗಡಿಯವನು ತೀರದಿಂದ ಇನ್ನೊಂದು ತರಿಸುತ್ತಾನೆ. ದಾರಿಯಲ್ಲಿ ಎಷ್ಟು ಸಾಯುತ್ತವೋ ಬೇರೆ. ಜೊತೆ ಬೇಕಾದರೆ ಸಾಕಲಾಗದೆ ಬೇಸತ್ತವರಿಂದ ತೆಗೆದುಕೊಳ್ಳಿ. 30 ವರ್ಷ ದಾಟಿ ಬದುಕಿದ ಉದಾಹರಣೆ ಇರುವ ಪ್ರಾಣಿ ಇದು. ಕೊಂಡವರಲ್ಲಿ ಎಷ್ಟು ಜನ ಅಷ್ಟು ದಿನ ನೋಡಿಕೊಳ್ಳುತ್ತಾರೆ?

ಗಿರ್ಮಿಟ್_ಗೆಳೆಯ · ಬೆಳಿಗ್ಗೆ 8:30

30 ವರ್ಷ! ಮಗಳ ಮದುವೆಯಲ್ಲಿ ಬಳುವಳಿ ಕೊಡಬಹುದು.

ಹಳೇಹುಬ್ಬಳ್ಳಿ_ಹುಡುಗ · ಬೆಳಿಗ್ಗೆ 9:10

ಅಂಡಮಾನ್‌ನಲ್ಲಿ ಇದರ ದೊಡ್ಡಣ್ಣ ಇದೆಯಂತೆ, ತೆಂಗಿನಕಾಯಿ ಸುಲಿಯುವ ಏಡಿ. ಅದನ್ನು ತಂದರೆ?

ಕೋಡಿಬಾಗ_ಹಳೆಯವ · ಬೆಳಿಗ್ಗೆ 9:22

ತಂದರೆ ಜೈಲು. 4 ಕಿಲೋವರೆಗೆ ಬೆಳೆಯುತ್ತೆ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಹುಲಿ ಇರುವ ಪಟ್ಟಿ ಅದು.

ಗದಗಿನ_ಅಕ್ಕ · ಬೆಳಿಗ್ಗೆ 9:50

ಜೊತೆ ಬೇಕಾದರೆ ಅಣ್ಣಾರೆ, ನಮ್ಮ ಮಗ ಜೂನ್‌ನಲ್ಲಿ ಹಾಸ್ಟೆಲಿಗೆ ಹೋಗುತ್ತಾನೆ. ಮೂರೂ ನನ್ನ ತಲೆಗೆ ಬಿದ್ದಿವೆ. ಆಗ ನೋಡೋಣ.

ಉಣಕಲ್_ಅಪ್ಪ · ಮಾರ್ಚ್ 29, ರಾತ್ರಿ 10:05

12 ದಿನ ಆಯಿತು, ಮೇಲೆ ಬಂದಿಲ್ಲ. ಒಂದು ಚಮಚದಿಂದ ಮೆಲ್ಲಗೆ ಕೆದಕಿ ನೋಡಲೇ?

ಗಾಜಿನ_ತೊಟ್ಟಿ · ರಾತ್ರಿ 10:07

ಬೇಡ!!

ಗದಗಿನ_ಅಕ್ಕ · ರಾತ್ರಿ 10:09

ಮುಟ್ಟಬೇಡಿ. ನಮ್ಮದೊಂದು ಎಪ್ಪತ್ತು ದಿನ ಒಳಗಿತ್ತು. ಅದಕ್ಕೂ ಮೊದಲು ಇನ್ನೊಂದನ್ನು ನಾನೇ ಕೆದಕಿದ್ದೆ. ಬೆಳ್ಳಗೆ ಮೇಣದ ಹಾಗಿತ್ತು, ಎರಡು ದಿನದಲ್ಲಿ ಹೋಯಿತು. ಮಗ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದು ಏಳುವುದಿಲ್ಲ. ಕಳಚಿದ ಹಳೆ ಪೊರೆಯನ್ನೂ ತಾನೇ ತಿಂದು ಬರುತ್ತೆ, ಅದರ ಕ್ಯಾಲ್ಸಿಯಂ ಬೇಕಲ್ಲ. ಸತ್ತಿದ್ದರೆ ವಾಸನೆ ಬರುತ್ತೆ, ನಿಮಗೆ ಆ ವಾಸನೆ ಈಗ ಗೊತ್ತಿದೆ.

ಗಿರ್ಮಿಟ್_ಗೆಳೆಯ · ರಾತ್ರಿ 10:15

ಸ್ವಾಮಿಗಳು ಮೌನ ಅನುಷ್ಠಾನಕ್ಕೆ ಕುಳಿತಿದ್ದಾರೆ. ಭಕ್ತರು ಬಾಗಿಲು ಬಡಿಯಬಾರದು.

ಉಣಕಲ್_ಅಪ್ಪ · ಮೇ 3, ಸಂಜೆ 7:25

47ನೇ ದಿನ. ಮಗಳು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಾಳೆ. ವಾಸನೆ ಇಲ್ಲ, ಅದನ್ನು ದಿನಾ ಮೂಗಿಟ್ಟು ನೋಡುವ ಕೆಲಸ ನನ್ನದು. ಮಧ್ಯೆ ಎರಡು ಸಲ ನೀರು ಸಿಂಪಡಿಸಿದೆ, ಮೀಟರು 80. ನಿನ್ನೆ ಅಡ್ಡಮಳೆ ಬಂದಾಗ ಗುಡುಗಿಗೆ ಮರಳು ಸ್ವಲ್ಪ ಕುಸಿದ ಹಾಗೆ ಕಾಣಿಸಿತು. ಇವತ್ತು ನೋಡಿದರೆ ಗಾಜಿನ ಪಕ್ಕಕ್ಕೆ ಸಣ್ಣ ಗುಹೆಯಂಥ ಖಾಲಿ ಜಾಗ, ಒಳಗೆ ಏನೋ ಕೆಂದು ಬಣ್ಣದ್ದು. ಕಾಲೋ ಕಲ್ಲೋ ತಿಳಿಯುತ್ತಿಲ್ಲ. ಒಂದೇ ಒಂದು ಸಲ ಟಾರ್ಚ್ ಹಾಕಲೇ?

ಗಾಜಿನ_ತೊಟ್ಟಿ · ಸಂಜೆ 7:28

ಬೇಡ ಅಣ್ಣಾರೆ. ಆ ಕಡೆ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ.

ವರದಾ_ದಂಡೆ · ಸಂಜೆ 7:40

ಮರಳು ಇನ್ನೂ ಕಾಲು ಚೀಲ ಉಳಿದಿದೆ, ಬೇಕಾದರೆ ಹೇಳಿ.

ಉಣಕಲ್_ಅಪ್ಪ · ಸಂಜೆ 7:52

ಅಂಟಿಸಿದೆ. ಮಗಳು ಅದರ ಮೇಲೆ ಸೀಮೆಸುಣ್ಣದಿಂದ "ಗದ್ದಲ ಮಾಡಬಾರದು" ಅಂತ ಬರೆದಿದ್ದಾಳೆ.